ಹಲಗೆಯ ಮೇಲಿನ ಹೆಜ್ಜೆ

ಡೋರ್ಡ್ರೆಕ್ಟ್, ೧೮೬೮

ಫೆಬ್ರವರಿ ೧೧, ಮಂಗಳವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಬಲಗೈಗೆ ದಬ್ಬೆ ಕಟ್ಟಿದ್ದಾರೆ, ಆರು ವಾರ ಅಲುಗಿಸಬಾರದಂತೆ. ಏಣಿಯಿಂದ ಬಿದ್ದಾಗ ನನ್ನ ‘ಲೈಡನ್ ಮುತ್ತಿಗೆ’ ಎಂಬ ದೊಡ್ಡ ಯುದ್ಧಚಿತ್ರದಲ್ಲಿ ಇನ್ನು ಹದಿನೇಳು ಮುಖಗಳಷ್ಟೇ ಬಾಕಿ ಇದ್ದವು. ಅಲೈದಾ ಅಕ್ಕ ಯೂಟ್ರೆಕ್ಟಿಗೇ ಬಂದು ಇಲ್ಲಿಗೆ ಕರೆತಂದಳು. ಮನೆ ತುಂಬ ಬೆಕ್ಕು. ಇವತ್ತಿಗೆ ಇಷ್ಟು ಸಾಕು.

ಫೆಬ್ರವರಿ ೧೫, ಶನಿವಾರ

ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಮನೆ ಇದು. ಬಣ್ಣ ಅರೆಯುವುದನ್ನು ನಮ್ಮಿಬ್ಬರಿಗೂ ಕಲಿಸಿದ. ಆಂಟ್‌ವರ್ಪಿಗೆ ಓದಲು ಕಳಿಸಿದ್ದು ನನ್ನನ್ನು ಮಾತ್ರ. ಅಕ್ಕ ಇಲ್ಲೇ ಉಳಿದು ಚಹಾದ ತಟ್ಟೆಗಳ ಮೇಲೆ, ತಂಬಾಕಿನ ಡಬ್ಬಿಗಳ ಮುಚ್ಚಳದ ಮೇಲೆ ಬೆಕ್ಕು ಬರೆದಳು. ಈಗ ಅವಳಿಗೆ ಐವತ್ತನಾಲ್ಕು. ಹೇಗ್‌ನಿಂದ ದೊಡ್ಡಮನೆಯ ಹೆಂಗಸರು ಉಗಿದೋಣಿ ಹತ್ತಿ, ಬುಟ್ಟಿಯಲ್ಲಿ ಬೆಕ್ಕಿಟ್ಟುಕೊಂಡು ಬರುತ್ತಾರೆ. ಊರೆಲ್ಲ ‘ಬೆಕ್ಕಿನ ಅಲೈದಾ’ ಅನ್ನುತ್ತದೆ. ನಾನು ಸೇನಾಪತಿಗಳನ್ನು ಬರೆದವನು. ಈ ಹೆಸರು ಕೇಳಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ.

ಬೆಳಿಗ್ಗೆ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಕೆಲಸದ ಬಾರ್ತ್ಯೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಸಾಹೇಬ್ರೆ, ಅದು ಸ್ನೋರ್ ಕುರ್ಚಿ. ನೀವು ಆ ಕಡೆ ಕೂತ್ಕೊಳಿ.”

“ನಾನು ಈ ಮನೆ ಮಗ ಕಣಮ್ಮ.”

“ಇರ್ಬೋದು. ಅದು ದಿನಾ ಚಿತ್ರಕ್ಕೆ ಕೂರುತ್ತೆ. ನೀವೇನು ಮಾಡ್ತಿದೀರಿ ಈಗ?”

ಸ್ನೋರ್ ಎಂದರೆ ಉದ್ದ ಮೀಸೆಯ ಒಂದು ಕಪ್ಪು ಗಂಡುಬೆಕ್ಕು. ನಾನು ಎದ್ದು ಆ ಕಡೆ ಕೂತೆ.

ಫೆಬ್ರವರಿ ೨೪, ಸೋಮವಾರ

ಇಂದು ನನಗೂ ಕೆಲಸ ಸಿಕ್ಕಿತು. ಪಗ್ ನಾಯಿ ಹಿಡಿದುಕೊಳ್ಳುವ ಕೆಲಸ.

ಅದರ ಒಡತಿ ರೇಷ್ಮೆ ಸರಬರ ಅನ್ನಿಸುತ್ತ ಬಂದ ಶ್ರೀಮಂತೆ. ನಾಯಿಯನ್ನು ನನ್ನ ಎಡತೋಳಿಗೆ ಕೊಟ್ಟಳು. ಕಲ್ಲಂಗಡಿ ಹಣ್ಣಿಗೆ ಕಾಲು ಬಂದ ಹಾಗಿತ್ತು. ಗೊರಕೆ ಬೇರೆ. ಅಕ್ಕ ಕುಂಚ ಮುಟ್ಟಲಿಲ್ಲ, ಕಾಗದವನ್ನೂ ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡು ನಾಯಿಯ ತಲೆಬುರುಡೆ, ಭುಜ, ಪಕ್ಕೆಲುಬು, ಬಾಲದ ಸುರುಳಿಯ ಗಂಟು, ಎಲ್ಲವನ್ನೂ ಬೆರಳಲ್ಲಿ ಓದಿದಳು. ಅರ್ಧ ಗಂಟೆ. ನಾಯಿ ಗೊರಕೆ ನಿಲ್ಲಿಸಿ ನಿಟ್ಟುಸಿರು ಬಿಟ್ಟಿತು.

“ಸ್ವಲ್ಪ ತೆಳ್ಳಗೆ ಬರೀತೀರಲ್ಲ?” ಎಂದಳು ಒಡತಿ.

“ಇಲ್ಲ ಅಮ್ಮ. ದಪ್ಪಗಿದೆ, ಸುಖವಾಗಿದೆ. ತೆಳ್ಳಗೆ ಬರೆದ್ರೆ ಅದರ ಸುಖಾನೂ ಹೊರಟುಹೋಗುತ್ತೆ.”

ಆಕೆಗೆ ಸಿಟ್ಟು ಬರುತ್ತದೆಂದುಕೊಂಡೆ. ಜೋರಾಗಿ ನಕ್ಕು, ದಪ್ಪಗೇ ಇರಲಿ ಎಂದಳು. ನಾನಾಗಿದ್ದರೆ ತೆಳ್ಳಗೇ ಬರೆದಿರುತ್ತಿದ್ದೆ. ಎಷ್ಟು ಮೇಯರುಗಳ ಹೊಟ್ಟೆ ಕರಗಿಸಿದ್ದೇನೋ ಲೆಕ್ಕವಿಲ್ಲ.

ಕೋಟಿನ ತುಂಬ ಕೂದಲು.

ಮಾರ್ಚ್ ೫, ಗುರುವಾರ

ಬೇಸರಕ್ಕೆ ಅಕ್ಕನ ಕೆಲಸದ ಕೋಣೆಯಲ್ಲಿ ಕೂತಿದ್ದೆ.

ಸ್ನೋರ್ ಹೊಸಿಲ ಬಳಿ ಕಾಲು ನೆಕ್ಕುತ್ತಿತ್ತು. ಅಕ್ಕ ನೆಲದ ಮೇಲೆ, ಅದರ ಕಣ್ಣಿನ ಮಟ್ಟಕ್ಕೆ, ಕೂತು ಇದ್ದಿಲ ಕಡ್ಡಿಯಲ್ಲಿ ಶುರುಮಾಡಿದಳು. ಬೆನ್ನು ಬಂತು, ಒಂದು ಕಿವಿ ಬಂತು. ಅಷ್ಟರಲ್ಲಿ ಬೆಕ್ಕು ಎದ್ದು ಮೈಮುರಿಯಿತು. ನಾನಾಗಿದ್ದರೆ ಬೈಯುತ್ತಿದ್ದೆ. ಅವಳು ಅದೇ ಹಾಳೆಯ ಪಕ್ಕದಲ್ಲಿ ಮೈಮುರಿಯುವ ಬೆಕ್ಕನ್ನು ಶುರುಮಾಡಿದಳು. ಅದು ಕಿಟಕಿಗೆ ಹಾರಿತು. ಮೇಲಿನ ಮೂಲೆಯಲ್ಲಿ ಕಿಟಕಿಯ ಬೆಕ್ಕು. ಮಧ್ಯಾಹ್ನಕ್ಕೆ ಹಾಳೆ ತುಂಬ ಹತ್ತೊಂಬತ್ತು ಅರ್ಧ ಬೆಕ್ಕುಗಳು. ಎಣಿಸಿದ್ದು ಸುಮ್ಮನೆ, ಹೊತ್ತು ಹೋಗಲೆಂದು. ಎರಡು ಗಂಟೆಗೆ ಅದು ಮತ್ತೆ ಹೊಸಿಲಿಗೆ ಬಂದು ಕಾಲು ನೆಕ್ಕಲು ಕೂತಿತು. ಅಕ್ಕನ ಕೈ ತಡಕಾಡಲಿಲ್ಲ, ನೇರ ಮೊದಲನೆಯ ಅರ್ಧಕ್ಕೆ ಹೋಗಿ ಬಿಟ್ಟಲ್ಲಿಂದ ಮುಂದುವರಿಯಿತು. ಗೆರೆ ಎಲ್ಲಿ ಕೂಡಿತೆಂದು ನನಗೆ ಹುಡುಕಲಾಗಲಿಲ್ಲ.

“ಮತ್ತೆ ಹಾಗೇ ಕೂರದೇ ಹೋಗಿದ್ರೆ ಏನು ಮಾಡ್ತಿದ್ದೆ ಅಕ್ಕ?”

“ನಾಳೆ ಕೂರೋದು. ನಿನ್ನ ಸೇನಾಪತಿಗಳ ಹಾಗಲ್ಲ ಕಣೋ ಯೋಸ್ಟ್, ಇವು ಇನ್ನೂ ಸತ್ತಿಲ್ಲ.”

ಆಮೇಲೆ ಮುಗಿದು ಒಣಗುತ್ತಿದ್ದ ಇನ್ನೊಂದು ಚಿತ್ರಕ್ಕೆ ಮೀಸೆ ಬರೆದಳು. ಅದಕ್ಕೆಂದೇ ನಾಲ್ಕೈದು ಕೂದಲಿನ ಕುಂಚ ಇಟ್ಟಿದ್ದಾಳೆ. ಉಸಿರು ಹಿಡಿದು ಒಂದೇ ಎಳೆತ. ತಪ್ಪಿದರೆ ತಿದ್ದುವ ಹಾಗಿಲ್ಲ, ಕೆಳಗಿನ ತುಪ್ಪಳವೆಲ್ಲ ಕೆಡುತ್ತದೆ. ಹನ್ನೆರಡು ಎಳೆದಳು. ನಾನೂ ಉಸಿರು ಹಿಡಿದಿದ್ದೆನೆಂದು ಕೆಮ್ಮು ಬಂದಾಗ ತಿಳಿಯಿತು.

ಮಾರ್ಚ್ ೮, ಭಾನುವಾರ

ಯೂಟ್ರೆಕ್ಟಿನಿಂದ ಏವರ್ಟ್ ನನ್ನನ್ನು ನೋಡಲು ಬಂದಿದ್ದ. ನಮ್ಮ ಚಿತ್ರಕಲಾ ಸಂಘದ ಕಾರ್ಯದರ್ಶಿ, ಹಳೆಯ ಗೆಳೆಯ. ಅಕ್ಕ ಕಾಫಿ ತರಲು ಒಳಗೆ ಹೋದದ್ದೇ ತಡ, ಗೋಡೆ ನೋಡಿ ಕಣ್ಣು ಹೊಡೆದ.

“ಇನ್ನೂ ಅದೇ ಬೆಕ್ಕುಗಳಾ? ಹತ್ತು ವರ್ಷದ ಹಿಂದೆ ಇವರೊಂದು ಚಿತ್ರ ಪ್ರದರ್ಶನಕ್ಕೆ ಕಳಿಸಿದ್ರಲ್ಲ, ಆಯ್ಕೆ ಸಮಿತಿಯಲ್ಲಿ ನೀನು ಏನಂದೆ ನೆನಪಿದೆಯಾ? ‘ಇದನ್ನ ಅಡುಗೆಮನೆಗೆ ಕಳಿಸಿ, ಇಲಿಗಳ ಕಾಟ ಇದೆ’ ಅಂದೆ! ಇವತ್ತಿಗೂ ಹೇಳ್ಕೊಂಡು ನಗ್ತೀವಿ ಕಣಯ್ಯ.”

“ಮೆತ್ತಗೆ ಮಾತಾಡೋ” ಎಂದೆ.

ಅಕ್ಕ ಕಾಫಿ ತಂದಳು. ಏವರ್ಟ್ ಅವಳ ಚಿತ್ರಗಳನ್ನು ಬಾಯಿ ತುಂಬ ಹೊಗಳಿ, ನಾಲ್ಕು ಬಿಸ್ಕತ್ತು ತಿಂದು, ಉಗಿದೋಣಿಗೆ ಹೊತ್ತಾಯಿತೆಂದು ಹೊರಟ. ಅವನ ನಗು ಹೀಗೆ ಕಿರಿಕಿರಿ ಮಾಡುವಂಥದ್ದೆಂದು ಮೊದಲು ಅನ್ನಿಸಿರಲಿಲ್ಲ. ವಯಸ್ಸಾಯಿತು ಅವನಿಗೂ.

ಮಾರ್ಚ್ ೧೩, ಶುಕ್ರವಾರ

ಇಂದು ಹಾರ್ಮೆನ್ ಎಂಬ ದೋಣಿಯವನು ಬಂದ. ಫ್ರೀಸ್‌ಲ್ಯಾಂಡಿನ ಕಡೆಯ ಮನುಷ್ಯ, ಬಾಗಿಲಷ್ಟು ಅಗಲ. ಟೋಪಿಯನ್ನು ಹಿಂಡುತ್ತ ಹೊಸಿಲಲ್ಲೇ ನಿಂತಿದ್ದ. ಅವನ ಸರಕು ದೋಣಿ ರಿಪೇರಿಗೆ ಬಂದು ಇಲ್ಲಿಯ ಬಂದರಿನಲ್ಲಿ ನಿಂತಿದೆ, ಈಸ್ಟರ್ ಕಳೆದ ಮೇಲೆ ಹೊರಡುತ್ತದೆ.

“ಅಮ್ಮ, ನಂದೊಂದು ನಾಯಿ ಐತೆ. ವಾಕರ್ ಅಂತ. ಹದಿನೈದು ವರ್ಷ ಆತು. ಎರಡು ವರ್ಷದಿಂದ ಕಣ್ಣಿಲ್ಲ, ಕಿವೀನೂ ಇಲ್ಲ. ದೋಣಿ ಬಿಟ್ಟು ಬರಾಕಿಲ್ಲ. ಅದರದ್ದೊಂದು ಚಿತ್ರ ಬೇಕಿತ್ತು.”

“ಅದಕ್ಕೇನು, ನಾನೇ ಬರ್ತೀನಿ” ಎಂದಳು ಅಕ್ಕ.

“ಸುಮ್ನೆ ಮಲಗಿರೋದು ಬ್ಯಾಡ ಅಮ್ಮ. ಅದು ನನ್ನ ಹೆಂಡ್ತಿ ನಾಯಿ. ಅವಳು ಪೇಟೆಗೆ ಹೋಗಿ ಬಂದು ದೋಣಿ ಹತ್ತೋ ಹಲಗೆ ಮೇಲೆ ಕಾಲಿಟ್ರೆ ಸಾಕು, ಒಳಗಿದ್ದ ನಾಯಿ ತಲೆ ಎತ್ತೋದು. ಕಣ್ಣಿಲ್ಲ, ಕಿವಿಯಿಲ್ಲ, ದೋಣಿ ನಡುಗಿದ್ದರಲ್ಲೇ ಅವಳ ಹೆಜ್ಜೆ ಗೊತ್ತಾಗೋದು. ನಾನು ಬಂದ್ರೆ ಎತ್ತಾಕಿಲ್ಲ. ನವೆಂಬರಲ್ಲಿ ತೀರ್ಕೊಂಡಳು. ಆಮೇಲೆ ಎತ್ತೇ ಇಲ್ಲ. ನಂಗೆ ಆ ತಲೆ ಎತ್ತೋದು ಬೇಕು.”

ಅಕ್ಕ ಕೈಯ ಬಣ್ಣ ಒರೆಸಿಕೊಂಡಳು.

“ನೋಡದೇ ಇರೋದನ್ನ ನಾನು ಬರೆಯಲ್ಲ ಯಜಮಾನ್ರೆ. ಬಂದು ನೋಡ್ತೀನಿ. ಅಷ್ಟೇ ಹೇಳಬಲ್ಲೆ.”

ಅವನು ಹೋದ ಮೇಲೆ, ಆಗದ ಕೆಲಸ ಯಾಕೆ ಒಪ್ಪಿಕೊಂಡೆ ಎಂದೆ. “ಒಪ್ಪಿಲ್ಲವಲ್ಲ” ಎಂದಳು. ಆಗಲೇ ಇದ್ದಿಲ ಕಡ್ಡಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

ಮಾರ್ಚ್ ೧೬, ಸೋಮವಾರ

ಇಂದು ನಡೆದದ್ದನ್ನು ಪೂರ್ತಿ ಬರೆಯಬೇಕು.

ಕಾಗದದ ಕಟ್ಟು ಹೊತ್ತುಕೊಂಡು ನಾನೂ ಹೋದೆ. ದಡದಿಂದ ದೋಣಿಗೆ ಒಂದೇ ಒಂದು ಮರದ ಹಲಗೆ, ತುಳಿದರೆ ಬಾಗುತ್ತದೆ. ಮೊದಲು ಹಾರ್ಮೆನ್, ಹಿಂದೆ ನಾನು. ನಾಲ್ಕು ಮೆಟ್ಟಿಲಿಳಿದರೆ ಕೋಣೆ. ಒಲೆ, ಮಂಚ, ಗೋಡೆಗೆ ನೀಲಿ ತಟ್ಟೆಗಳು. ಮೂಲೆಯಲ್ಲಿ ಕಂಬಳಿಯ ಮೇಲೆ ಬೂದು ಬಣ್ಣದ ನಾಯಿ, ಹಳೆಯ ತುಪ್ಪಳದ ಕೊರಳುಪಟ್ಟಿ ಬಿಸಾಡಿದ ಹಾಗೆ. ನಾವು ಬಂದದ್ದು ಅದಕ್ಕೆ ಗೊತ್ತೇ ಇಲ್ಲ.

ಆಗ ಅಕ್ಕ ಹಲಗೆ ಹತ್ತಿದಳು. ಅವಳು ದಪ್ಪ, ಎಡಮಂಡಿ ನೋವು, ಒಂದು ಹೆಜ್ಜೆ ಊರಿ ಇನ್ನೊಂದನ್ನು ಎಳೆದು ಹಾಕುತ್ತಾಳೆ. ದೋಣಿ ಸಣ್ಣಗೆ ನಡುಗಿತು.

ನಾಯಿ ತಲೆ ಎತ್ತಿತು.

ಹಾರ್ಮೆನ್ ನನ್ನ ಭುಜ ಹಿಡಿದುಕೊಂಡ. ಅಕ್ಕ ಮೆಟ್ಟಿಲಿಳಿದು ಒಳಗೆ ಬರುವಷ್ಟರಲ್ಲಿ ನಾಯಿ ಗಾಳಿ ಮೂಸಿ, ತಲೆಯನ್ನು ಮೆಲ್ಲಗೆ ಕಂಬಳಿಗೆ ಇಳಿಸಿತು.

“ಏನಾಯ್ತು? ಯಾಕೆ ಹಾಗೆ ನಿಂತಿದೀರಿ?”

“ನೀವು ಬಂದ್ರಿ ಅಮ್ಮ” ಎಂದ ಹಾರ್ಮೆನ್. ಆ ದೊಡ್ಡ ಮುಖ ಒದ್ದೆಯಾಗಿತ್ತು. “ಅವಳೂ ಹಿಂಗೇ ನಡೀತಿದ್ದಳು. ಮಂಡಿ ನೋವು.”

ವಿಷಯ ತಿಳಿದು ಅಕ್ಕ ಮತ್ತೆ ದಡಕ್ಕೆ ಹೋಗಿ ಬಂದಳು. ಮತ್ತೆ ಹಾಗೇ ಆಯಿತು. ಬೇರೆ ಯಾರಾದರೂ ನಡೆದರೆ ಅಕ್ಕ ಒಳಗಿದ್ದು ನೋಡಬಹುದಲ್ಲ ಎಂದು ಮಧ್ಯಾಹ್ನ ಬಾರ್ತ್ಯೆಯನ್ನು ಕರೆಸಿ ನಡೆಸಿದೆವು. ಅವಳದು ಗುಬ್ಬಚ್ಚಿಯ ತೂಕ. ನಾಯಿ ಕದಲಲಿಲ್ಲ. “ಒಂದು ನಾಯಿನೂ ನನ್ನನ್ನ ಲೆಕ್ಕಕ್ಕೆ ತಗೊಳಲ್ಲ” ಎಂದು ಬಾರ್ತ್ಯೆ ಮುನಿಸಿಕೊಂಡು ಮನೆಗೆ ಹೋದಳು.

ಅಕ್ಕ ಮೆಟ್ಟಿಲ ಮೇಲೆ ಕೂತು ಮಂಡಿ ಉಜ್ಜಿಕೊಂಡಳು. “ಅಂದರೆ ನನಗೆ ಇದು ಯಾವತ್ತೂ ಕಾಣಲ್ಲ” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನನಗೆ ಬಲಗೈ ಇಲ್ಲ ಅಕ್ಕ.”

“ಕಣ್ಣಿದೆಯಲ್ಲ. ಎಡಗೈಯಲ್ಲಿ ಹೇಗೆ ಬರುತ್ತೋ ಹಾಗೆ ಬರಿ. ದಿನಕ್ಕೆ ಎರಡೇ ಸಲ ನಡೀತೀನಿ. ಅದಕ್ಕಿಂತ ಜಾಸ್ತಿ ಆ ಪ್ರಾಣಿಗೆ ಆಸೆ ತೋರಿಸೋದು ಪಾಪ.”

ಮಾರ್ಚ್ ೧೭, ಮಂಗಳವಾರ

ಅಕ್ಕ ಎರಡು ಸಲ ನಡೆದಳು, ನಾನು ಎರಡು ಚಿತ್ರ ಬರೆದೆ. ಎಡಗೈಯಲ್ಲಾದರೂ ತಕ್ಕಮಟ್ಟಿಗೆ ಬಂದಿದೆ ಎನ್ನಿಸಿ, ಸ್ವಲ್ಪ ಜಂಬದಿಂದಲೇ ತೋರಿಸಿದೆ. ಎತ್ತಿದ ಕತ್ತು, ಮುಂದಕ್ಕೆ ಚಾಚಿದ ಎದೆ, ನಿಮಿರಿದ ಎರಡು ಕಿವಿ.

“ಚೆನ್ನಾಗಿದೆ. ಪುರಸಭೆ ಮೆಟ್ಟಿಲಿನ ಕಲ್ಲು ಸಿಂಹದ ಹಾಗಿದೆ” ಎಂದಳು. “ಯೋಸ್ಟ್, ಇದು ನಿನಗೆ ಮೊದಲೇ ಗೊತ್ತಿದ್ದದ್ದು ಕಣೋ. ನೋಡಿದ್ದಲ್ಲ.”

ಸಿಟ್ಟು ಬಂತು. ಎರಡೂ ಹಾಳೆಗಳನ್ನು ಮಡಚಿ ಜೇಬಿಗೆ ತುರುಕಿದೆ. ರಾತ್ರಿ ಊಟಕ್ಕೆ ಬಟಾಣಿ ಸೂಪು. ಅವಳು ಬಡಿಸುತ್ತಿದ್ದಾಗ ಬಾಯಿಂದ ಹೊರಟೇಹೋಯಿತು.

“ಅಕ್ಕ, ಆ ವರ್ಷ ನಿನ್ನ ಚಿತ್ರ ವಾಪಸು ಬಂತಲ್ಲ. ಸಮಿತಿಯಲ್ಲಿ ನಾನಿದ್ದೆ.”

“ಗೊತ್ತು.”

“ಅಡುಗೆಮನೆಗೆ ಕಳಿಸಿ ಅಂತ ಅಂದವನು ನಾನೇ.”

“ಅದೂ ಗೊತ್ತು. ವಾಪಸು ತಂದ ಗಾಡಿಯವನೇ ಹೇಳಿದ, ನಗ್ತಾ. ಸೂಪು ಆರುತ್ತೆ, ಕುಡಿ.” ಅವಳೂ ಕೂತಳು. “ಅದರಲ್ಲಿ ಬೆಕ್ಕಿನ ಹಿಂಗಾಲು ತಪ್ಪಾಗಿತ್ತು. ಬರೆಯುವಾಗ ಕಾಣಲಿಲ್ಲ, ವಾಪಸು ಬಂದ ಮೇಲೆ ಕಂಡಿತು. ಓದಿದವನು, ನಿನ್ನ ಕಣ್ಣಿಗೆ ಅದು ಬಿದ್ದಿರುತ್ತೆ, ಅದಕ್ಕೇ ಬೇಡ ಅಂದಿರ್ತೀಯ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ.”

ಹೌದು ಎಂದುಬಿಡಬಹುದಿತ್ತು.

“ಇಲ್ಲ ಅಕ್ಕ. ನಾನು ನೋಡಲೇ ಇಲ್ಲ. ಗೋಡೆಗೆ ಮುಖಮಾಡಿ ಇಟ್ಟಿದ್ರು. ಹಿಂದುಗಡೆ ಬರೆದಿದ್ದ ಹೆಸರು ಓದಿದೆ, ಅಷ್ಟೆ.”

ಅವಳ ಚಮಚ ನಿಂತಿತು. ಕಳೆದ ಹತ್ತು ವರ್ಷಗಳಲ್ಲಿ ಆಗದಿದ್ದ ನೋವು ಆಗ ಅವಳ ಮುಖದಲ್ಲಿ ಕಂಡಿತು. ಬೈಯಲಿಲ್ಲ. ತಟ್ಟೆ ತೆಗೆದಳು, ಒರೆಸಿದಳು, ದೀಪ ಸಣ್ಣಗೆ ಮಾಡಿದಳು. ಮೆಟ್ಟಿಲು ಹತ್ತುವ ಮೊದಲು, “ನಾಳೆ ನೋಡು” ಎಂದಳು.

ಮಾರ್ಚ್ ೧೮, ಬುಧವಾರ

ಮೊದಲ ಸಲ ಅವಳು ನಡೆದಾಗ ನಾನು ಕಡ್ಡಿಯನ್ನೇ ಮುಟ್ಟಲಿಲ್ಲ. ನೆಲದ ಮೇಲೆ ನಾಯಿಯ ಮಟ್ಟಕ್ಕೆ ಮಲಗಿ ಬರೀ ನೋಡಿದೆ.

ಎದೆ ಚಾಚುವುದಿಲ್ಲ. ಮೊದಲು ಭುಜದ ಮೇಲಿನ ಕೂದಲು ಅಲೆಯ ಹಾಗೆ ಏಳುತ್ತದೆ. ಬಲಗಿವಿ ಮಾತ್ರ ಮೇಲಕ್ಕೆ ಬರುತ್ತದೆ, ಎಡಗಿವಿ ಅರ್ಧಕ್ಕೇ ಸೋತು ನಿಲ್ಲುತ್ತದೆ. ಮುಂಗಾಲಿನ ಉಗುರು ಕಂಬಳಿಯನ್ನು ಹಿಡಿಯುತ್ತದೆ, ಏಳಬೇಕೆಂದು. ಹಿಂಗಾಲಿಗೆ ಆ ಸುದ್ದಿಯೇ ತಲಪುವುದಿಲ್ಲ. ಬಾಯಿ ಒಂದಿಷ್ಟು ತೆರೆಯುತ್ತದೆ. ಬೆಳ್ಳಗಾದ ಕಣ್ಣು ಬಾಗಿಲ ಕಡೆಗಲ್ಲ, ನೆಲದ ಕಡೆಗಿರುತ್ತದೆ, ಏಕೆಂದರೆ ಅವಳು ಬರುವುದು ಅದಕ್ಕೆ ನೆಲದ ಮೂಲಕ. ಇಷ್ಟೂ ನಾಲ್ಕು ಹೆಜ್ಜೆ ಬೀಳುವಷ್ಟು ಹೊತ್ತು. ಆಮೇಲೆ ಮೂಗು ಅದಕ್ಕೆ ನಿಜ ಹೇಳುತ್ತದೆ.

ಎರಡನೆಯ ಸಲ ಬರೆದೆ. ಇಡೀ ನಾಯಿಯಲ್ಲ. ಕಿವಿ ಒಂದು ಕಡೆ, ಭುಜ ಇನ್ನೊಂದು ಕಡೆ, ಆ ಉಗುರು ಬೇರೆ. ಗೆರೆಗಳೆಲ್ಲ ಸೊಟ್ಟ.

ಅಕ್ಕ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೊಗಳಲಿಲ್ಲ. “ಹಿಂಗಾಲು ಅಲ್ಲಾಡಲೇ ಇಲ್ವಾ?” ಎಂದಳು.

“ಇಲ್ಲ.”

“ಸರಿ. ಮತ್ತೆ ಆ ಎಡಗಿವಿ, ಎಷ್ಟು ಮೇಲೆ ಬಂತು? ಕೈಯಲ್ಲಿ ತೋರಿಸು.”

ತೋರಿಸಿದೆ. ಕತ್ತಲಾಗುವವರೆಗೂ ಕೇಳುತ್ತಲೇ ಇದ್ದಳು. ಅವಳು ಕೇಳಿದ ಎಲ್ಲಕ್ಕೂ ನನ್ನ ಬಳಿ ಉತ್ತರವಿತ್ತು.

ಮಾರ್ಚ್ ೨೦, ಶುಕ್ರವಾರ

ನಿನ್ನೆ ಅಕ್ಕನ ಮಂಡಿ ನೋವಿಗೆ ದೋಣಿಗೆ ಹೋಗಲಾಗಲಿಲ್ಲ. ಇಂದು ಹಲಗೆ ತುಳಿದಳು. ವಾಕರ್ ತಲೆ ಎತ್ತಲಿಲ್ಲ.

ಬಂದು ಕಂಬಳಿಯ ಪಕ್ಕ ಕೂತಳು. “ನಾನು ಅವಳಲ್ಲ ಅಂತ ಕಲಿತುಬಿಟ್ಟಿದೆ” ಎಂದಳು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಭುಜದ ಮೂಳೆಗಳನ್ನು ಓದುತ್ತ ಸಂಜೆಯವರೆಗೆ ಕೂತಿದ್ದಳು. ನಮ್ಮ ಬಳಿ ಇರುವುದು ಬುಧವಾರದ ಆ ಒಂದೇ ಹಾಳೆ.

ಮಾರ್ಚ್ ೨೭, ಶುಕ್ರವಾರ

ದಬ್ಬೆ ಬಿಚ್ಚಿದರು. ಬೆರಳು ಪೂರ್ತಿ ಮಡಚುವುದಿಲ್ಲ. ಊಟ ಮಾಡಲು ತೊಂದರೆಯಿಲ್ಲ, ಏಣಿ ಹತ್ತಿ ದೊಡ್ಡ ಕುಂಚ ಹಿಡಿಯುವುದು ಕಷ್ಟ ಎಂದರು ವೈದ್ಯರು.

ಯೂಟ್ರೆಕ್ಟಿನ ಮನೆಯ ಯಜಮಾನ ಪತ್ರ ಹಾಕಿದ್ದಾನೆ, ನಿಮ್ಮ ಮುತ್ತಿಗೆ ಹಜಾರವನ್ನೆಲ್ಲ ತಿಂದಿದೆ, ಏನು ಮಾಡಲಿ ಎಂದು. ಸುರುಳಿ ಸುತ್ತಿ ಅಟ್ಟದ ಮೇಲಿಡಿ ಎಂದು ಬರೆದೆ. ಬರೆದದ್ದು ಎಡಗೈಯಲ್ಲೇ. ಅಕ್ಷರ ಈಗ ಪರವಾಗಿಲ್ಲ.

ಅಕ್ಕ ಶುರುಮಾಡಿರುವ ವಾಕರ್‌ನ ಚಿತ್ರದಲ್ಲಿ, ಅವಳೇ ಹೇಳಿದಳೆಂದು, ಕಂಬಳಿಯ ಭಾಗಕ್ಕೆ ನಾನೇ ಬಣ್ಣ ಹಚ್ಚುತ್ತಿದ್ದೇನೆ. ಕಂಬಳಿಯಲ್ಲಿ ಎಷ್ಟು ಥರದ ಬೂದು ಇದೆ! ಇಂದು ಒಂಬತ್ತು ಬೆರೆಸಿದೆ, ಹತ್ತನೆಯದು ಇನ್ನೂ ಸಿಕ್ಕಿಲ್ಲ. ನಾಳೆ ಬೆಳಕು ಬೇಗ ಬರಲಿ.

ಏಪ್ರಿಲ್ ೨, ಗುರುವಾರ

ಅಕ್ಕ ಚಿತ್ರದಲ್ಲಿ ವಾಕರ್‌ನ ಭುಜದ ಕೂದಲನ್ನು ಮೂರನೆಯ ಸಲ ಒರೆಸಿ ಹಾಕಿದಳು. ನನಗೆ ಪರಮ ಸುಂದರವಾಗಿ ಕಂಡಿತ್ತು. “ಇದು ನಾಯಿಗೆ ಚಳಿ ಆಗಿರೋದು. ಸಂತೋಷ ಆಗಿರೋದಲ್ಲ” ಎಂದಳು. ನಲವತ್ತು ವರ್ಷದಿಂದ ಹೀಗೇ ಮಾಡುತ್ತ ಬಂದಿದ್ದಾಳೆ. ತಟ್ಟೆಯ ಮೇಲಿನ ಬೆಕ್ಕಿಗೂ ಹೀಗೇ ಮಾಡಿರಬೇಕು, ಯಾರೂ ಕೇಳದಿದ್ದಾಗ, ಯಾರೂ ನೋಡದಿದ್ದಾಗ. ಇಂಥ ಕೆಲಸಗಾರರನ್ನು ನಾನು ಆಂಟ್‌ವರ್ಪಿನಲ್ಲಿ ಒಬ್ಬರನ್ನೂ ಕಂಡಿಲ್ಲ.

ಏವರ್ಟ್‌ಗೆ ಪತ್ರ ಬರೆದೆ. ಅಡುಗೆಮನೆಯ ಆ ಮಾತನ್ನು ಇನ್ನು ಮುಂದೆ ಹೇಳಿ ನಗಬೇಡ, ನಗುವುದಾದರೆ ಚಿತ್ರವನ್ನು ನೋಡದೆ ತೀರ್ಪು ಕೊಟ್ಟವನನ್ನು ನೋಡಿ ನಗು ಎಂದು.

ಏಪ್ರಿಲ್ ೧೫, ಬುಧವಾರ

ಹಾರ್ಮೆನ್ ನಾಳೆ ಹೊರಡುತ್ತಾನೆ. ಇಂದು ಬೆಳಿಗ್ಗೆ ಚಿತ್ರಕ್ಕೆ ಬಂದ. ಗಡ್ಡ ಬೋಳಿಸಿ, ಹಬ್ಬದ ಕೋಟು ಹಾಕಿಕೊಂಡಿದ್ದ. ವಾಕರ್ ಹೇಗಿದೆ ಎಂದೆ. “ಐತೆ. ನಿನ್ನೆ ಒಂದು ಮೀನು ತಿಂತು” ಎಂದ.

ಚಿತ್ರ ದೊಡ್ಡದೇನಲ್ಲ, ಎರಡು ಗೇಣು. ಕೋಣೆಯ ಮೂಲೆ, ಕಂಬಳಿ, ನಾಯಿ. ಮನುಷ್ಯರಿಲ್ಲ, ಬಾಗಿಲೂ ಇಲ್ಲ, ಹಲಗೆಯೂ ಇಲ್ಲ. ಹಾರ್ಮೆನ್‌ನನ್ನು ಅದರ ಮುಂದೆ ನಿಲ್ಲಿಸಿ ಅಕ್ಕ ದೂರ ಹೋಗಿ ಕುಂಚ ತೊಳೆಯತೊಡಗಿದಳು. ಚಿತ್ರ ನೋಡುವವರ ಮುಖವನ್ನು ಅವಳು ಎಂದೂ ನೋಡುವುದಿಲ್ಲವಂತೆ, ಧೈರ್ಯ ಸಾಲದಂತೆ. ನಾನು ನೋಡಿದೆ.

ಅವನು ಮೊದಲು ಹತ್ತಿರ ಹೋದ, ಆಮೇಲೆ ಒಂದು ಹೆಜ್ಜೆ ಹಿಂದೆ ಬಂದ. ಮತ್ತೆ, ಯಾರೋ ಹಲಗೆ ತುಳಿದು ಬಂದ ಹಾಗೆ, ಹಿಂದಕ್ಕೆ ತಿರುಗಿ ಬಾಗಿಲ ಕಡೆ ನೋಡಿದ.

ಅಕ್ಕನ ಎದುರು ಹೇಳಿಲ್ಲ, ಇಲ್ಲಿ ಬರೆದಿಡುತ್ತೇನೆ. ಮೂರು ವಾರ ಆ ಕಂಬಳಿಗೆ ಬಣ್ಣ ಹಚ್ಚಿದವನು ನಾನು, ಅದರ ಒಂದೊಂದು ಬೂದೂ ನನಗೆ ಗೊತ್ತು. ಆದರೂ ಅವನೊಂದಿಗೆ ನಾನೂ ತಿರುಗಿ ನೋಡಿದೆ.

ಬಾಗಿಲಲ್ಲಿ ಬಾರ್ತ್ಯೆ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು.

“ಏನು?” ಎಂದಳು. “ಇಬ್ಬರೂ ನನ್ನನ್ನ ಹಾಗ್ಯಾಕೆ ನೋಡ್ತಿದೀರಿ?”